ಸಿಗಡಿ ಸಿಪ್ಪೆಯ ಮಿಸ್ಸು

ಸತ್ತವರ ವಿಷಯ ಬರೆಯುವಾಗ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಅವಳನ್ನು ನೆನೆದರೆ ನನಗೆ ಮೊದಲು ಬರುವುದು ನಾತ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು. ನಯವಾಗಿ ಬರೆಯುವುದನ್ನು ಅಲ್ಲಿಯವರೆಗೆ ಕಲಿಸಿರಲಿಲ್ಲ.

ಮಾರೇನಹಳ್ಳಿಯಲ್ಲಿ ನಮ್ಮ ಹೊಲವೆಲ್ಲ ಸೈಟಾಗಿ ಹೋದ ಮೇಲೆ ಉಳಿದ ತುಂಡಿನಲ್ಲಿ ಮನೆ ಕಟ್ಟಿಸಿ, ಮಹಡಿ ಮೇಲಿನ ರೂಮು ಬಾಡಿಗೆಗೆ ಬಿಟ್ಟಿದ್ದೆ. ಅಲ್ಲಿಗೆ ಬಂದವಳು ಅವಳು. ಹಾವೇರಿ ಕಡೆಯವಳು, ಕೆಂಗೇರಿ ಆಚೆ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಳು. ನಲವತ್ತು ದಾಟಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ, "ಟೈಮ್ ಸಿಗಲಿಲ್ರೀ ಅಮ್ಮಾರ" ಅಂದಳು, ಬಸ್ಸು ತಪ್ಪಿತು ಅನ್ನುವ ಹಾಗೆ. ಬೀದಿಯವರೆಲ್ಲ ಅವಳನ್ನು ಮಿಸ್ಸು ಎಂದು ಕರೆಯುತ್ತಿದ್ದರು.

ಬಂದ ದಿನವೇ ನನ್ನ ಅಡಿಗೆಮನೆ ಬಾಗಿಲಲ್ಲಿ ನಿಂತು ಮೂಗು ಅರಳಿಸಿದಳು.

"ಅಮ್ಮಾರ, ನೀವು ತಿಂತೀರೇನ್ರೀ?"

"ಏನನ್ನ?"

"ಅದ ರೀ... ಮೀನು, ಮಾಂಸ."

"ಸಿಕ್ಕಿದ ದಿನ ತಿಂತೀನಿ. ಯಾಕೆ, ಬೇಕಾಗಿತ್ತಾ?"

"ಶಿವ ಶಿವಾ" ಎಂದು ಕೊರಳಿನ ಲಿಂಗ ಮುಟ್ಟಿಕೊಂಡಳು. ಅವತ್ತಿನಿಂದ ನನ್ನ ಮನೆಯಲ್ಲಿ ಒಂದು ಹನಿ ನೀರು ಮುಟ್ಟಲಿಲ್ಲ. ಮಾತಾಡಲು ಕೆಳಗೆ ಬರುವಾಗ ತನ್ನ ಸ್ಟೀಲ್ ಲೋಟದಲ್ಲಿ ತನ್ನ ಮನೆಯ ನೀರು ತುಂಬಿಸಿಕೊಂಡು ಬರುವಳು. ನನ್ನ ಕಾಫಿ ನನ್ನ ಕೈಯಲ್ಲಿ, ಅವಳ ನೀರು ಅವಳ ಕೈಯಲ್ಲಿ. ಆ ಲೋಟ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಳ್ಳಿಯಲ್ಲಿ ನಮ್ಮವರು ಬೇರೆಯವರಿಗೆ ಬೇರೆ ಲೋಟ ಇಟ್ಟಿದ್ದನ್ನು ನೋಡಿದ್ದೇನೆ. ನನಗೇ ಯಾರಾದರೂ ಇಡುತ್ತಾರೆ ಎಂದು ಎಣಿಸಿರಲಿಲ್ಲ.

ಇಂಥವಳ ವಿಷಯ ಒಂದು ದಿನ ವಿಜಯನಗರದ ಮೀನಿನವನು ನನ್ನನ್ನು ಕೇಳಿದ.

"ಅಜ್ಜಿ, ನಿಮ್ ಮಹಡಿ ಮನೆ ಮೇಡಂ ವಾರ ವಾರ ಬಂದು ಸಿಗಡಿ ಸಿಪ್ಪೆ ತಗೊಂಡ್ ಹೋಗ್ತಾರಲ್ಲ, ಯಾಕೆ? ಸಿಗಡಿ ಕೊಡ್ತೀನಿ ಅಂದ್ರೆ ಬೇಡ ಅಂತಾರೆ. ಬರೀ ಸಿಪ್ಪೆ, ತಲೆ."

"ಕದ್ದು ಸಾರು ಮಾಡ್ಕೊಂಡು ಕುಡೀತಾಳೇನೋ" ಅಂದೆ. ನಿಜವಾಗಿ ಹಾಗೆಯೇ ಅಂದುಕೊಂಡೆ. ಲಿಂಗ ಮುಟ್ಟಿಕೊಂಡ ಕೈ ನೆನಪಾಗಿ ಹೇಸಿಗೆಯಾಯಿತು. ಮನೆಗೆ ಬಂದವಳೇ ಮೆಟ್ಟಿಲು ಹತ್ತಿದೆ.

ತಾರಸಿಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಒಂದು ದೊಡ್ಡ ಸ್ಟೀಲ್ ಪಾತ್ರೆ ಕುದಿಯುತ್ತಿತ್ತು. ಅವಳು ಮೂಗಿಗೆ ಸೆರಗು ಬಿಗಿದು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು, ಕಟ್ಟಿಗೆಯಿಂದ ತಿರುವುತ್ತಿದ್ದಳು. ಕೊಳೆತ ಮೀನು, ಸೋಡಾಕಾರ, ಸುಟ್ಟ ಕೂದಲು ಎಲ್ಲ ಸೇರಿದ ನಾತ. ನಾನು ಒಣಮೀನು ಹುರಿದವಳು, ಕೊಟ್ಟಿಗೆ ಬಾಚಿದವಳು. ನಾನೇ ಎರಡು ಮೆಟ್ಟಿಲು ಕೆಳಗೆ ಇಳಿದೆ. ಕಟ್ಟೆಯ ಮೇಲೆ ಸಾಲಾಗಿ ಕಾಗೆಗಳು ಕೂತಿದ್ದವು. ಅವೂ ಹತ್ತಿರ ಬರಲಿಲ್ಲ.

"ಏನೇ ಇದು? ತಿಂದರೆ ತಿನ್ನು, ಕದ್ದುಮುಚ್ಚಿ ಯಾಕೆ?"

"ತಿನ್ನಾಕಲ್ರೀ ಅಮ್ಮಾರ! ಬ್ಯಾಟರಿ ಮಾಡಾಕ."

ನನ್ನ ಕಿವಿಯನ್ನು ನಾನು ನಂಬಲಿಲ್ಲ. ಆಮೇಲೆ ಬಿಡಿಸಿ ಹೇಳಿದಳು. ಪಾಠ ಹೇಳಿಕೊಂಡೇ ಅವಳು ಡಾಕ್ಟರ್ ಪದವಿಗೆ ಓದುತ್ತಿದ್ದಳು, ರೋಗಿಗಳನ್ನು ನೋಡುವ ಡಾಕ್ಟರ್ ಅಲ್ಲ, ಓದಿನ ಡಾಕ್ಟರ್. ಅದೇ ಕಾಲೇಜಿನ ದೊಡ್ಡ ಮೇಷ್ಟ್ರು ಒಬ್ಬ ಅವಳ ಗೈಡು. ನಾತಕ್ಕೆ ಹೆದರಿ ಡಿಪಾರ್ಟ್‌ಮೆಂಟಿನವರು ಸಿಪ್ಪೆಯನ್ನು ಗೇಟಿನೊಳಗೆ ಬಿಟ್ಟುಕೊಳ್ಳಲಿಲ್ಲವಂತೆ. ಅದಕ್ಕೆ ನನ್ನ ತಾರಸಿ.

"ಬ್ಯಾಟರಿ ಒಳಗ ಈ ಕಡೆಯಿಂದ ಆ ಕಡೆ ಚಾರ್ಜು ದಾಟಬೇಕಲ್ರೀ? ಅದಕ್ಕ ನಡುವ ಒಂದು ರಸ ಇರ್ತೈತಿ. ಆ ರಸ ಸೋರತೈತಿ, ಉಬ್ಬತೈತಿ, ಒಮ್ಮೊಮ್ಮೆ ಬೆಂಕಿನೂ ಹತ್ತತೈತಿ. ನಾನು ರಸದ ಬದಲಿ ಈ ಸಿಪ್ಪಿಯಿಂದ ತೆಳ್ಳನ ಹಾಳಿ ಮಾಡಿ ಇಡ್ತೀನಿ. ಸೋರಂಗಿಲ್ಲ. ಕೆಲಸ ಮುಗದ ಮ್ಯಾಲೆ ಮಣ್ಣಾಗ ಹಾಕಿದ್ರ ಕೊಳೀತೈತಿ."

"ಕೊಳೆಯೋದು ಮಣ್ಣಿಗೆ ಹಾಕೋಕೆ ಮುಂಚೇನೇ ಗೊತ್ತಾಗ್ತಾ ಇದೆ."

ಉಬ್ಬುವುದು ಮಾತ್ರ ನಿಜ. ಆಗ ಎಲ್ಲರ ಕೈಗೂ ಮೊಬೈಲು ಬರುತ್ತಿದ್ದ ಕಾಲ. ನನ್ನ ಮೊಬೈಲಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಹಿಂದಿನ ಮುಚ್ಚಳವನ್ನೇ ಎಬ್ಬಿಸಿತ್ತು. ಅದನ್ನು ತೋರಿಸಿದಾಗ ಅವಳು ಮಗುವನ್ನು ನೋಡಿದ ಹಾಗೆ ನೋಡಿದಳು. ನನ್ನ ಕಡೆ ಯಾವತ್ತೂ ಹಾಗೆ ನೋಡಿರಲಿಲ್ಲ.

ತಾರಸಿಯಿಂದ ಓಡಿಸಬೇಕು ಎಂದುಕೊಂಡೆ. ಓಡಿಸಲಿಲ್ಲ. ಯಾಕೆಂದರೆ ಕೆಲಸದಲ್ಲಿ ಅವಳು ನೆಪ ಹೇಳುತ್ತಿರಲಿಲ್ಲ. ಕುದಿಸುವುದು, ತೊಳೆಯುವುದು, ಆಸಿಡ್ಡಿಗೆ ಹಾಕುವುದು, ಮತ್ತೆ ತೊಳೆಯುವುದು. ಕೊನೆಗೆ ಬೆಳ್ಳಗೆ ಹೊಟ್ಟಿನಂಥದ್ದು ಉಳಿಯುತ್ತಿತ್ತು. ಅದನ್ನು ಹುಳಿ ವಾಸನೆಯ ನೀರಿನಲ್ಲಿ ಕರಗಿಸಿ ಗಂಜಿ ಮಾಡಿ, ಒಂದು ಸೀಸೆಯಿಂದ ಜೇನಿನ ಹಾಗೆ ಮಂದವಾದದ್ದನ್ನು ಅಳೆದು ಬಿಡುವಳು.

"ಇದೇನು ಎಣ್ಣೇನಾ?"

"ಉಪ್ಪು ರೀ."

"ಉಪ್ಪು ಅಂದ್ರೆ ಹರಳಾಗಿರಬೇಕು ಕಣವ್ವ."

"ಇದು ನೀರು ಹಾಕದಿದ್ರೂ ನೀರಾಗೇ ಇರೋ ಉಪ್ಪು. ಆರಂಗಿಲ್ಲ, ಉರಿಯಂಗಿಲ್ಲ. ಹಾಳಿ ಒಳಗ ಚಾರ್ಜು ದಾಟಸೂದು ಇದ. ಸಾರಿಗೆ ಗೀರಿಗೆ ಕೇಳಬ್ಯಾಡ್ರಿ, ಬಾಯಿಗೆ ಹಾಕ್ಕೊಂಡ್ರ ದವಾಖಾನಿ."

ಆ ಗಂಜಿಯನ್ನು ಗಾಜಿನ ತಟ್ಟೆಗೆ ಹುಯ್ದು, ತೆಳು ಬಟ್ಟೆ ಮುಚ್ಚಿ, ನನ್ನ ಸಂಡಿಗೆಯ ಪಕ್ಕದಲ್ಲಿ ಒಣಗಲು ಇಡುವಳು. ಒಣಗಿದ ಮೇಲೆ ಹಪ್ಪಳದ ಹಾಗೆ ಏಳುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಸೂರ್ಯನಿಗೆ ಅಡ್ಡ ಹಿಡಿಯುವಳು, ತೂತಿದೆಯೇ ಗುಳ್ಳೆಯಿದೆಯೇ ಎಂದು. ಈ ಚಟ ಎಷ್ಟು ಹತ್ತಿತ್ತೆಂದರೆ ತೆಳ್ಳಗಿರುವ ಏನು ಸಿಕ್ಕಿದರೂ ಎತ್ತಿ ಬೆಳಕಿಗೆ ಹಿಡಿಯುವಳು. ದೋಸೆ, ವೀಳ್ಯದೆಲೆ, ಬಸ್ ಟಿಕೆಟು. ಒಂದು ಸಲ ನನ್ನ ಅಕ್ಕಿ ರೊಟ್ಟಿಯನ್ನು ಹಾಗೆ ಹಿಡಿದು, "ದಪ್ಪ ಆಗೈತ್ರೀ, ಒಂದ ಸಮ ಇಲ್ಲ" ಅಂದಳು. ತಿನ್ನಲು ಮುಟ್ಟದವಳು ತಪ್ಪು ಹುಡುಕಲು ಮುಟ್ಟಿದಳು. ರೊಟ್ಟಿ ಕಿತ್ತುಕೊಂಡೆ.

ಹೋದಲ್ಲಿ ಬಂದಲ್ಲಿ ಅವಳ ಮೈಯಿಂದ ಆ ನಾತ ಹೋಗುತ್ತಿರಲಿಲ್ಲ. ಉಗುರು ಹಳದಿಗಟ್ಟಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸರು ಎದ್ದು ಬೇರೆ ಕಡೆ ಹೋಗುತ್ತಾರೆ ಎಂದು ನಗುತ್ತ ಹೇಳಿದಳು. "ನನಗ ಸೀಟು ಸಲೀಸು ಸಿಗತೈತ್ರೀ."

ಒಂದು ಸಂಜೆ ಕೆಳಗೆ ಬಂದು ನನ್ನ ಕಣ್ಣೆದುರಿಗೆ ಲೋಹದ ತೆಳು ಬಿಲ್ಲೆಗಳ ನಡುವೆ ಆ ಹಪ್ಪಳದ ಚೂರುಗಳನ್ನು ಇಟ್ಟು, ಒಂದರ ಮೇಲೊಂದು ಜೋಡಿಸಿ, ತಂತಿ ಮುಟ್ಟಿಸಿದಳು. ದೀಪಾವಳಿ ಸರದಲ್ಲಿರುವಂಥ ಕೆಂಪು ಬಲ್ಬು ಮಿಣುಕು ಮಿಣುಕು ಎಂದಿತು. ಆರಿದ ಮೇಲೆ ಚಾರ್ಜು ಕುಡಿಸಿ ಮತ್ತೆ ಹತ್ತಿಸಿದಳು.

"ಇಷ್ಟೇನಾ? ಇಷ್ಟಕ್ಕೆ ನನ್ನ ಮನೆಯೆಲ್ಲ ಗಬ್ಬೆಬ್ಬಿಸಿದ್ದಾ?"

"ಇಷ್ಟ ರೀ. ಇನ್ನಾ ಭಾಳ ಸಾವಕಾಶ ದಾಟತೈತಿ. ನಂಬರು ಮ್ಯಾಲೆ ಬರಬೇಕು. ನಂಬರು ಬಂದ್ರ ನನಗ ಡಾಕ್ಟರು."

ಚಾರ್ಜು ಎಷ್ಟು ಸಲೀಸಾಗಿ ದಾಟುತ್ತದೆ ಎನ್ನುವುದಕ್ಕೆ ಮೆಷಿನ್ನು ಒಂದು ನಂಬರು ಕೊಡುತ್ತದಂತೆ. ಅವಳ ಜೀವವೆಲ್ಲ ಆ ನಂಬರಿನಲ್ಲಿತ್ತು. ಅವಳ ಕೈಕೆಳಗೆ ಓದಿದ ಹುಡುಗಿಯರು ಡಾಕ್ಟರಾಗಿ ಬಂದು ಅವಳಿಗೇ ಮೇಲಿನವರಾಗಿದ್ದರು. ಅವರ ಮುಂದೆ ಎದ್ದು ನಿಲ್ಲಬೇಕಾಗಿತ್ತು.

ಆ ವರ್ಷ ಆಯುಧಪೂಜೆಗೆ ನನ್ನನ್ನು ಕಾಲೇಜಿಗೆ ಕರೆದಳು. "ನನ್ನ ನಾತ ತಡಕೊಂಡೀರಿ, ಮಷೀನರ ನೋಡಿ ಬರ್ರಿ" ಅಂದಳು. ಹೋದೆ. ಡಿಪಾರ್ಟ್‌ಮೆಂಟಿನ ಎಲ್ಲ ಮೆಷಿನ್ನಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ಗೈಡು ರೇಷ್ಮೆ ಪಂಚೆ ಉಟ್ಟು ತಾನೇ ಮಂಗಳಾರತಿ ಎತ್ತಿದ. ದಪ್ಪ ಮನುಷ್ಯ, ಬೆರಳ ತುಂಬ ಉಂಗುರ, ಬಾಯಿ ತುಂಬ ನಗು. ಅವನ ಕಾರಿನ ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದರು. ಮಿಸ್ಸು ಹೊರಗೆ ಪಡಸಾಲೆಯಲ್ಲಿ ಹುಡುಗರಿಗೆ ಕಡ್ಲೆಪುರಿ, ಬೂಂದಿ ಹಂಚುತ್ತಿದ್ದಳು.

ದೊಡ್ಡ ಮೆಷಿನ್ನಿನ ಮುಂದೆ ಅವಳ ಹಪ್ಪಳದ ಡಬ್ಬಿ ಇತ್ತು. ಒಳಗೆ ತೇವ ಹೀರುವ ನೀಲಿ ಮಣಿಗಳನ್ನು ಹಾಕಿ, ಗಾಳಿಯೂ ಹೋಗದ ಹಾಗೆ ಮುಚ್ಚಿಡುತ್ತಿದ್ದ ಡಬ್ಬಿ. ಗೈಡು ಅದರ ಮುಚ್ಚಳ ತೆಗೆದ.

"ಮುಚ್ಚಿಟ್ರೆ ದೇವಿಗೆ ಹೇಗೆ ಕಾಣ್ಸುತ್ತೆ?" ಎಂದು ಎಲ್ಲರೂ ನಗುವ ಹಾಗೆ ಹೇಳಿ, ಕಳಸದಲ್ಲಿ ಮಾವಿನೆಲೆ ಅದ್ದಿ ಮೆಷಿನ್ನಿಗೆ, ಡಬ್ಬಿಗೆ, ನಮ್ಮ ತಲೆಗೆ ಎಲ್ಲಕ್ಕೂ ತೀರ್ಥ ಚಿಮುಕಿಸಿದ. ನನ್ನ ಮೂಗಿನ ಮೇಲೂ ಬಿತ್ತು. ಮುಚ್ಚಳ ಮುಚ್ಚಿದ. ಹೊರಗೆ ಬೂದುಗುಂಬಳ ಒಡೆದರು. ನಾನು ಕಡ್ಲೆಪುರಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ದಸರಾ ರಜೆ ಮುಗಿದು ಕಾಲೇಜು ತೆರೆದಾಗ ನಂಬರು ಬಂತು. ಬಂತೆಂದರೆ ಹಾರಿಕೊಂಡು ಬಂತು. ಅವಳು ಧಾರವಾಡ ಪೇಢಾ ತಂದು ನನ್ನ ಕೈಗೆ ಇಟ್ಟಳು. "ದೊಡ್ಡ ದೊಡ್ಡ ದೇಶದಾಗೂ ಇಷ್ಟು ಬಂದಿಲ್ರೀ ಅಮ್ಮಾರ!" ಪೇಢಾ ಚೆನ್ನಾಗಿತ್ತು, ತಿಂದೆ. ಗೈಡು ನೋಟಿಸ್ ಬೋರ್ಡಿಗೆ ಹಾಕಿಸಿದ, ಹೊರದೇಶದ ಪತ್ರಿಕೆಗೆ ಬರೆಸಿ ಕಳಿಸಿದ. ಅವನು ಪ್ರಿನ್ಸಿಪಾಲ್ ಆಗಲು ಓಡಾಡುತ್ತಿದ್ದ. ಅವನಿಗೂ ಆ ನಂಬರು ಬೇಕಾಗಿತ್ತು.

ಚಳಿ ಬಿದ್ದು ಗಾಳಿ ಒಣಗಿದ ಮೇಲೆ ಅವಳು ಅದೇ ಹಪ್ಪಳ ಮತ್ತೆ ಮಾಡಿದಳು. ನಂಬರು ಬರಲಿಲ್ಲ. ಮತ್ತೆ ಮಾಡಿದಳು. ಬರಲಿಲ್ಲ. ಸಿಪ್ಪೆ ಸರಿಯಿಲ್ಲವೇನೋ ಎಂದು ಹೊಸ ಸಿಪ್ಪೆ ತಂದಳು, ಮತ್ತೆ ಹೊಸ ನಾತ. ಮುಖ ಒಣಗಿ ಮೆಣಸಿನಕಾಯಿಯಾಯಿತು. ಒಂದು ದಿನ ನಾನು ಅಂಗಳದಲ್ಲಿ ಅವರೆಕಾಳು ಸುಲಿಯುತ್ತಿದ್ದಾಗ ಬಂದು ಮೆಟ್ಟಿಲ ಮೇಲೆ ಕೂತಳು.

"ಅಮ್ಮಾರ, ಅವತ್ತು ಪೂಜಾದಾಗ ನನ್ನ ಡಬ್ಬಿ ಯಾರರ ಮುಟ್ಟಿದ್ರೇನ್ರೀ?"

"ನಿಮ್ ಗೈಡೇ ಮುಟ್ಟಿದ್ದು. ಮುಚ್ಚಳ ತೆಗೆದು ತೀರ್ಥ ಹಾಕಿದ. ನಿನ್ನ ಮೆಷಿನ್ನಿಗೆ, ಹಪ್ಪಳಕ್ಕೆ, ನನ್ನ ಮೂಗಿಗೆ, ಎಲ್ಲಕ್ಕೂ ಒಂದೇ ಆಶೀರ್ವಾದ."

ಅವಳು ನಗಲಿಲ್ಲ. ಕೈಯಲ್ಲಿದ್ದ ಲೋಟದ ನೀರನ್ನೇ ನೋಡುತ್ತ ಕೂತಳು.

"ಅದು ನನ್ನ ನಂಬರಲ್ರೀ ಹಂಗಾದ್ರ. ನೀರಿಂದು. ಈ ಹಾಳಿ ಒಣ ಬಟ್ಟಿಗತೆ ನೀರು ಕುಡೀತೈತಿ. ಕುಡಿದ ನೀರು ಚಾರ್ಜು ದಾಟಿಸೈತಿ. ಬ್ಯಾಟರಿ ಒಳಗ ನೀರಿದ್ರ ಬ್ಯಾಟರಿನ ಹಾಳಾಗತೈತಿ."

ಮಾರನೆಯ ದಿನ ಗೈಡಿಗೆ ಹೇಳಲು ಹೋದಳು. ಸಂಜೆ ಬಂದವಳು ತಾನೇ ಎಲ್ಲ ಒಪ್ಪಿಸಿದಳು. ಅವನು ಬಾಗಿಲು ಹಾಕಿಸಿ, ಕಾಫಿ ತರಿಸಿ, ನಗುತ್ತಲೇ ಹೇಳಿದನಂತೆ: "ನೋಡಿ ಮೇಡಂ, ನಂಬರ್ ಬಂದಿದ್ದು ನಿಜ ತಾನೆ? ಮೆಷಿನ್ ಸುಳ್ಳು ಹೇಳುತ್ತಾ? ದೇವಿ ಕೊಟ್ಟಿದ್ದನ್ನ ಬೇಡ ಅನ್ಬಾರ್ದು. ಬಾಯಿ ಮುಚ್ಕೊಂಡು ಥೀಸಿಸ್ ಕೊಡಿ. ವರ್ಷ ಕಳೆಯೋದ್ರೊಳಗೆ ಡಾಕ್ಟರ್."

"ನೀನೇನಂದೆ?"

"ಹೂಂ ಅಂದು ಬಂದೆ."

ನನಗೆ ಆದ ಹೇಸಿಗೆಯನ್ನು ಹೇಗೆ ಬರೆಯಲಿ. ಸಿಪ್ಪೆ ಕುದಿಸಿದಾಗಲೂ ಅಷ್ಟು ಆಗಿರಲಿಲ್ಲ. "ನನ್ನ ಮನೆ ನೀರು ಕುಡಿದ್ರೆ ಮೈಲಿಗೆ, ಅವನ ಕಾಫಿ ಕುಡಿದು ಹೂಂ ಅನ್ನೋದು ಮಡಿಯಾ?" ಎಂದು ಕೇಳಿದೆ.

ಅವಳು ಸಿಡಿದಳು. "ನಿಮಗೇನ್ ಗೊತ್ತೈತ್ರೀ? ಬಾಡಿಗಿ ತಗೊಂಡು ಎಲೆಅಡಿಕಿ ಹಾಕ್ಕೊಂಡು ಕುಂದ್ರತೀರಿ. ನನಗ ನಲವತ್ತಾರು ಆತು. ನಾ ಕಲಿಸಿದ ಹುಡುಗ್ಯಾರ ಮುಂದ ನಾ ಎದ್ದು ನಿಂದ್ರಬೇಕು. ಗೊತ್ತೈತೇನ್ರೀ ಅದು?"

"ಇಲ್ಲ. ನಾನು ಎದ್ದು ನಿಲ್ಲಲ್ಲ. ಕೂತೇ ಇರ್ತೀನಿ" ಅಂದೆ.

ಮಾತು ನಿಂತಿತು. ಅವಳು ಮೇಲೆ, ನಾನು ಕೆಳಗೆ. ಸಿಪ್ಪೆಯ ನಾತ ಮಾತ್ರ ಇಳಿದು ಬರುತ್ತಿತ್ತು. ಕೆಲಸ ಬಿಟ್ಟಿರಲಿಲ್ಲ ಎಂದಾಯಿತು. ತಾರಸಿಗೆ ಬಟ್ಟೆ ಹಾಕಲು ಹೋದಾಗ ನೋಡಿದೆ, ಹಪ್ಪಳದ ತಟ್ಟೆಗಳನ್ನು ಎರಡು ಸಾಲು ಮಾಡಿ ಇಟ್ಟಿದ್ದಳು. ಒಂದು ಸಾಲಿಗೆ ಬೆರಳಿಂದ ನೀರು ಚಿಮುಕಿಸುತ್ತಿದ್ದಳು, ಪೂಜೆ ಮಾಡಿದ ಹಾಗೆ. ಇನ್ನೊಂದು ಸಾಲು ಒಣಗಿತ್ತು. ನನ್ನನ್ನು ಕಂಡು ತಲೆ ಎತ್ತಲಿಲ್ಲ.

ಮಾಘದ ಬಿಸಿಲು ಏರುವ ಹೊತ್ತಿಗೆ ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದಳು. ಮಹಡಿ ಹತ್ತದೆ ನೇರ ನನ್ನ ಅಡಿಗೆಮನೆಗೇ ನುಗ್ಗಿದಳು. ಒಲೆಯ ಮೇಲೆ ಮೀನು ಸಾರು ಕುದಿಯುತ್ತಿತ್ತು. ಅವಳ ಕೈಯಲ್ಲಿ ಲೋಟ ಇರಲಿಲ್ಲ.

"ಎರಡೂ ಸಾಲು ಅಳದು ನೋಡಿ, ಪತ್ರಿಕೆಯವರಿಗೆ ನಾನ ಬರದು ಕಳಿಸಿದೆ. ಆ ನಂಬರು ನೀರಿಂದು, ಅಚ್ಚು ಹಾಕಬ್ಯಾಡ್ರಿ ಅಂತ. ಸರ್‌ಗೂ ಹೇಳಿ ಬಂದೆ."

"ಅವನೇನಂದ?"

"ಥೀಸಿಸ್‌ಗೆ ಸಹಿ ಹಾಕಂಗಿಲ್ಲ ಅಂದ್ರು. ಇನ್ನ ಇಲ್ರೀ, ಮುಗೀತು." ಆಮೇಲೆ, "ನೀರು ಕೊಡ್ರಿ" ಅಂದಳು.

ನನ್ನ ಲೋಟದಲ್ಲಿ ಕೊಟ್ಟೆ. ಎತ್ತಿ ಹುಯ್ದುಕೊಳ್ಳುತ್ತಾಳೆ ಅಂದುಕೊಂಡೆ. ಕಚ್ಚಿಕೊಂಡೇ ಕುಡಿದಳು. ಗಂಟಲಲ್ಲಿ ಗಟಗಟ ಸದ್ದು. ನನಗೇನೂ ಕರುಳು ಕಿತ್ತು ಬರಲಿಲ್ಲ, ಸಿಟ್ಟೇ ಬಂತು. ಇಷ್ಟು ವರ್ಷ ಕುಡಿಯದ ನೀರು, ಡಾಕ್ಟರ್ ಹೋದ ದಿನ ಕುಡಿಯಬೇಕಾಗಿತ್ತಾ? "ಇನ್ನೊಂದು ಲೋಟ ಕೊಡ್ಲಾ?" ಅಂದೆ. "ಕೊಡ್ರಿ" ಅಂದಳು.

ಗೈಡು ಪ್ರಿನ್ಸಿಪಾಲ್ ಆದ. ಅವನಿಗೆ ಒಂದು ನಂಬರು ಹೋದರೆ ಇನ್ನೊಂದು. ಅವಳು ಕೊನೆಯವರೆಗೂ ಬರಿಯ ಮಿಸ್ಸಾಗಿಯೇ ಉಳಿದಳು. ಸಿಪ್ಪೆ ಬಿಡಲಿಲ್ಲ. ಡಿಗ್ರಿ ಇಲ್ಲ, ಗೈಡಿಲ್ಲ, ಯಾಕೆ ಮಾಡ್ತೀಯ ಅಂದರೆ, ಹಪ್ಪಳವನ್ನು ಬಿಸಿಲಿಗೆ ಹಿಡಿದು ನೋಡುತ್ತ, "ನಂದು ಸಣ್ಣ ನಂಬರು ರೀ, ಆದ್ರ ಒಣಗಿದ್ದು" ಅನ್ನುವಳು. ಆ ಮಾತನ್ನು ಎಷ್ಟು ಸಲ ಹೇಳಿದಳೋ. ಹಾಲಿನವನಿಗೂ ಹೇಳಿದಳು. ಸತ್ಯ ಹೇಳಿದವರಿಗೂ ಒಂದು ಜಂಬ ಇರುತ್ತದೆ, ಅದಕ್ಕೂ ಒಂದು ವಾಸನೆ ಇರುತ್ತದೆ. ಬೀದಿಯಲ್ಲಿ ಯಾರಾದರೂ ಗೌರವಕ್ಕೆ "ಡಾಕ್ಟ್ರಮ್ಮ" ಅಂದರೆ ನಿಂತು, ಚಪ್ಪಲಿಗೆ ಸಗಣಿ ಹತ್ತಿದ ಮುಖ ಮಾಡಿ, "ಅಲ್ರೀ, ನಾ ಡಾಕ್ಟರ್ ಅಲ್ಲ" ಎಂದು ತಿದ್ದಿಯೇ ಮುಂದೆ ಹೋಗುವಳು. ತರಕಾರಿಯವಳ ಹತ್ತಿರವೂ ಬಿಡುತ್ತಿರಲಿಲ್ಲ. ತರಕಾರಿಯವಳಿಗೆ ಏನು ಬೇಕು ಅದು?

ಹೊಟ್ಟೆಯಲ್ಲಿ ಗೆಡ್ಡೆ ಎಂದರು. ಬೇಗ ಹೋದಳು. ತಮ್ಮ ಬಂದು ಹೆಣವನ್ನು ಊರಿಗೆ ತೆಗೆದುಕೊಂಡು ಹೋಗಿ ಮಣ್ಣು ಮಾಡಿದ. ಆಮೇಲೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಇಟ್ಟರು. ಬಾಡಿಗೆ ಮನೆಯವಳೆಂದು ನನ್ನನ್ನೂ ಕರೆದರು.

ಹಾಲ್‌ನ ಬಾಗಿಲ ಪಕ್ಕಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಅವಳ ಫೋಟೋ, ಮುಖಕ್ಕೆ ಕೆಂಪು ಬಳಿದು ಸಿನಿಮಾದವಳ ಹಾಗೆ ಮಾಡಿದ್ದರು. ಕೆಳಗೆ ಹೆಸರು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮೊದಲ ಅಕ್ಷರದಲ್ಲೇ ನಿಂತೆ. ಹೆಸರಿಗೂ ಮೊದಲು "ಡಾ." ಎಂದಿತ್ತು. ಪಕ್ಕದಲ್ಲಿದ್ದ ಹುಡುಗಿಯನ್ನು ಕೇಳಿದೆ.

"ಡಾಕ್ಟರ್ ಅಂತ ಅಜ್ಜಿ. ಪ್ರಿನ್ಸಿಪಾಲ್ ಸರ್ರೇ ಹಾಕ್ಸಿದ್ದು, ಮರ್ಯಾದೆಗೆ."

ಅವನು ಮಾತಾಡಲು ಎದ್ದ. ಕರ್ಚೀಫು ಕಣ್ಣಿಗೆ ಒತ್ತಿಕೊಂಡ. "ನನ್ನ ಮಗಳ ಹಾಗಿದ್ದರು" ಅಂದ. ಆಮೇಲೆ ಅವಳ ಸಂಶೋಧನೆ ಎಂದು ಶುರು ಮಾಡಿದವನು ಎಲ್ಲಿಗೆ ಬಂದ ಗೊತ್ತೇ? "ಒಂದು ಆಯುಧಪೂಜೆಯಲ್ಲಿ ನಾನೇ ಈ ಕೈಯಾರೆ ಪೂಜೆ ಮಾಡಿದ್ದೆ. ಆ ಸಲ ನಮ್ಮ ಡಾಕ್ಟರ್ ಮೇಡಂಗೆ ಬಂದ ನಂಬರು ಪ್ರಪಂಚದಲ್ಲೇ ಯಾರಿಗೂ ಬಂದಿರಲಿಲ್ಲ. ಅವರ ವಿನಯ ನೋಡಿ, ಅದನ್ನ ಅವರು ಯಾವತ್ತೂ ಹೇಳ್ಕೊಳ್ಲಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತವಳು ಎದ್ದು ತಿದ್ದುವುದಿಲ್ಲವಲ್ಲ.

ಬಾಯಿಯ ಎಲೆಅಡಿಕೆ ಉಗಿಯಬೇಕು ಅನ್ನಿಸಿತು. ಹೊರಗೆ ಹೋಗಿ ಉಗಿದೆ. ಬಾಗಿಲಲ್ಲೇ ಫ್ಲೆಕ್ಸು. ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳಿನ ತುಂಬ ಸುಣ್ಣ ಬಳಿದುಕೊಂಡು, ಆ "ಡಾ." ಮೇಲೆ ಒರೆಸಿದೆ. ಕೈಗೆ ನೀರು ಮುಟ್ಟಿಸಿ ತೆಳ್ಳಗೆ ಎಳೆದೆ. ಚುಕ್ಕಿಯನ್ನೂ ಬಿಡಲಿಲ್ಲ.

ಒಳಗಿಂದ ಅವನೇ ಬಂದ. "ಏನಜ್ಜಿ ಮಾಡ್ತಿದೀರಾ? ಯಾರ್ರೀ ಇವರು? ಯಾರಾದ್ರೂ ಒರೆಸ್ರಿ ಅದನ್ನ!"

"ಅವಳು ಬದುಕಿದ್ದಾಗ ನೀನು ಕೊಡಲಿಲ್ಲ. ಕೊಡ್ತೀನಿ ಅಂದಾಗ ಅವಳು ತಗೊಳ್ಲಿಲ್ಲ. ಈಗ ಯಾರಿಗೆ ಕೊಡ್ತಾ ಇದೀಯಪ್ಪ?"

ಪಕ್ಕದ ಮೇಡಂಗಳು ಬೇರೆ ಕಡೆ ನೋಡಿದರು. ಒರೆಸಲು ಯಾರೂ ಬರಲಿಲ್ಲ.

ತೆಳ್ಳಗೆ ಎಳೆದ ಸುಣ್ಣ ಹಸಿಯಿದ್ದಾಗ ಅಷ್ಟು ಕಾಣುವುದಿಲ್ಲ, ಕೆಳಗಿನ ಅಕ್ಷರ ಇಣುಕುತ್ತಿರುತ್ತದೆ. ಒಣಗಿದ ಮೇಲೇ ಬೆಳ್ಳಗೆ ಏಳುವುದು. ನಾನು ಒಂದು ಕುರ್ಚಿ ಎಳೆದುಕೊಂಡು ಫ್ಲೆಕ್ಸಿನ ಮುಂದೆ ಕೂತೆ. ಬಿಸಿಲು ಚೆನ್ನಾಗಿತ್ತು. ಪೂರ್ತಿ ಒಣಗುವವರೆಗೂ ಏಳಲಿಲ್ಲ.